ಬಾಕಿ ಹಣದ ಲಾಭ

ದೊಡ್ಡ ಸೂಪರ್‌ಮಾರ್ಕೆಟ್ ಸರಣಿಯೊಂದರ ಒಳಗು ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ಮೊದಲು ಓದಲು ಹೇಳುವುದು ಒಂದು ತನಿಖಾ ವರದಿಯನ್ನು. ಬ್ರಿಟನ್ನಿನಲ್ಲಿ ಗ್ರೋಸರೀಸ್ ಕೋಡ್ ಅಡ್ಜುಡಿಕೇಟರ್ ಎಂಬ ಹುದ್ದೆಯಿದೆ. ಸೂಪರ್‌ಮಾರ್ಕೆಟ್‌ಗಳು ತಮಗೆ ಸರಕು ಕೊಡುವವರ ಜೊತೆ ನ್ಯಾಯವಾಗಿ ವ್ಯವಹರಿಸುತ್ತಿವೆಯೇ ಎಂದು ನೋಡುವುದು ಅದರ ಕೆಲಸ. ಆ ಹುದ್ದೆಯಲ್ಲಿದ್ದ ಕ್ರಿಸ್ಟೀನ್ ಟ್ಯಾಕನ್ ಟೆಸ್ಕೊ ಕಂಪನಿಯ ಬಗ್ಗೆ 2016ರ ಜನವರಿ 26ರಂದು ಹೊರತಂದ ವರದಿ ಅದು. ಗೋದಾಮು, ತಣ್ಣನೆಯ ಲಾರಿ, ನಸುಕಿನಲ್ಲೇ ಬ್ರೆಡ್ ಬೇಯಿಸುವವರು, ಇವನ್ನೆಲ್ಲ ತೋರಿಸುವ ಸಾಕ್ಷ್ಯಚಿತ್ರಗಳು ಬೇಕಾದಷ್ಟಿವೆ. ಈ ವರದಿಯಲ್ಲಿ ಅವು ಯಾವುವೂ ಇಲ್ಲ. ಇಲ್ಲಿರುವುದು ಖರೀದಿ ವಿಭಾಗದ ಮೇಜು, ಅದರ ಮೇಲಿನ ಬಿಲ್ಲುಗಳು, ಆ ಬಿಲ್ಲುಗಳಲ್ಲಿ ಮುರಿದುಕೊಂಡ ಮೊತ್ತಗಳು, ಕೊಡಬೇಕಾದ ಹಣವನ್ನು ಕೊಡದೆ ಇಟ್ಟುಕೊಂಡ ತಿಂಗಳುಗಳು. ಅಂಗಡಿಯ ನಿಜವಾದ ಹಿಂಬದಿ ಇದು ಎಂದು ನಾನು ನಂಬಿದ್ದೇನೆ. ರೋಗವನ್ನು ವರದಿ ಗುರುತಿಸಿದ ರೀತಿಗೆ ನನ್ನ ಪೂರ್ಣ ಮೆಚ್ಚುಗೆಯಿದೆ. ಅದರ ಕಣ್ಣಿಗೆ ಬೀಳದೆ ಹೋದವರ ವಿಷಯದಲ್ಲಿ ಅಷ್ಟೇ ದೊಡ್ಡ ತಕರಾರಿದೆ.

ಟೆಸ್ಕೊ 1919ರಲ್ಲಿ ಜ್ಯಾಕ್ ಕೋಹೆನ್ ಎಂಬಾತ ಲಂಡನ್ನಿನ ಈಸ್ಟ್ ಎಂಡ್ ಸಂತೆಯಲ್ಲಿ ಮಿಕ್ಕುಳಿದ ದಿನಸಿ ಮಾರಲು ಇಟ್ಟ ಅಂಗಡಿಯಿಂದ ಬೆಳೆದದ್ದು. ತನಿಖೆಯ ಹೊತ್ತಿಗೆ ಬ್ರಿಟನ್ನಿನ ದಿನಸಿ ವ್ಯಾಪಾರದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಅದರ ಕೈಯಲ್ಲಿತ್ತು. 2014ರ ಸೆಪ್ಟೆಂಬರಿನಲ್ಲಿ, ಹೊಸ ಮುಖ್ಯಸ್ಥ ಡೇವ್ ಲೂಯಿಸ್ ಬಂದು ತಿಂಗಳಾಗುವ ಮೊದಲೇ, ಕಂಪನಿ ತನ್ನ ಲಾಭವನ್ನು ಸುಮಾರು 25 ಕೋಟಿ ಪೌಂಡ್‌ನಷ್ಟು ಹೆಚ್ಚು ತೋರಿಸಿರುವುದಾಗಿ ಒಪ್ಪಿಕೊಂಡಿತು. ಮುಂದೆ ಆ ಅಂಕಿ 26.3 ಕೋಟಿಗೆ ಏರಿತು. ಪತ್ರಿಕೆಗಳು ಇದನ್ನು ಷೇರುದಾರರಿಗೆ ಆದ ಮೋಸವೆಂದು ಬರೆದವು. ಆದರೆ ಹೆಚ್ಚು ತೋರಿಸಿದ ಆ ಲಾಭ ಹುಟ್ಟಿದ ಜಾಗ ಯಾವುದು? ಅದು ಗಿರಾಕಿಯಿಂದ ಬಂದದ್ದಲ್ಲ, ಸರಕು ಕೊಟ್ಟವರಿಂದ ಬರಬೇಕೆಂದು ಬರೆದಿಟ್ಟದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸೂಪರ್‌ಮಾರ್ಕೆಟ್ಟಿನ ವ್ಯವಹಾರದಲ್ಲಿ ಹೊರಗಿನವರಿಗೆ ತೀರಾ ಕಡಿಮೆ ಕಾಣುವ ಭಾಗ ಇದೇ. ಬೀದಿ ಕೊನೆಯ ಕಿರಾಣಿಯವನು ಹತ್ತಕ್ಕೆ ಕೊಂಡು ಹನ್ನೊಂದಕ್ಕೆ ಮಾರುತ್ತಾನೆ. ಒಂದು ರೂಪಾಯಿ ಅವನದು. ದೊಡ್ಡ ಸರಣಿಗೆ ಈ ಮುಂಬದಿಯ ಮಾರ್ಜಿನ್ ಜೊತೆಗೆ ಇನ್ನೊಂದು ಆದಾಯವಿದೆ, ಅದೇ ಬ್ಯಾಕ್ ಮಾರ್ಜಿನ್. ಇಷ್ಟು ಪೆಟ್ಟಿಗೆ ಮಾರಿಕೊಟ್ಟರೆ ಇಷ್ಟು ಬೋನಸ್. ಒಂದು ಕೊಂಡರೆ ಒಂದು ಉಚಿತ ಎಂಬ ಆಫರಿನ ಖರ್ಚಿನಲ್ಲಿ ಕಂಪನಿಯ ಪಾಲು. ಹೊಸ ಸರಕಿಗೆ ಜಾಗ ಕೊಟ್ಟದ್ದಕ್ಕೆ, ಸಾಲಿನ ಕೊನೆಯಲ್ಲಿ ಎದ್ದು ಕಾಣುವಂತೆ ಜೋಡಿಸಿದ್ದಕ್ಕೆ, ಜಾಹೀರಾತು ಹಾಳೆಯಲ್ಲಿ ಅಚ್ಚು ಹಾಕಿಸಿದ್ದಕ್ಕೆ ಹಣ. ಇವುಗಳಲ್ಲಿ ಬಹಳಷ್ಟನ್ನು ಸರಣಿ ಕೇಳಿ ಪಡೆಯುವುದಿಲ್ಲ, ತಾನು ಕೊಡಬೇಕಾದ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತದೆ. ಎಷ್ಟು ಮಾರಾಟವಾಯಿತು, ಆಫರ್ ನಿಜಕ್ಕೂ ಎಷ್ಟು ದಿನ ನಡೆಯಿತು ಎಂಬ ಲೆಕ್ಕವೂ ಸರಣಿಯ ಕಂಪ್ಯೂಟರಿನಲ್ಲೇ ಇರುತ್ತದೆ. ಹೀಗೆ ಲೆಕ್ಕ ಬರೆಯುವವನು, ಲೆಕ್ಕ ಒಪ್ಪುವವನು, ಹಣ ಹಿಡಿದುಕೊಳ್ಳುವವನು ಒಬ್ಬನೇ ಆಗುತ್ತಾನೆ. ಅರ್ಧ ವರ್ಷದ ಗುರಿ ತಲುಪಬೇಕಾದ ಖರೀದಿ ಅಧಿಕಾರಿ ಮುಂದೆ ಬರಬಹುದಾದ ಇಂಥ ಹಣವನ್ನು ಈಗಲೇ ಬಂದಂತೆ ಬರೆದುಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಟ್ಯಾಕನ್ ಅವರ ತನಿಖೆ 2013ರ ಜೂನ್‌ನಿಂದ 2015ರ ಫೆಬ್ರವರಿವರೆಗಿನ ವ್ಯವಹಾರವನ್ನು ತೆಗೆದುಕೊಂಡಿತು. ಹಣ ಪಾವತಿಯನ್ನು ತಡಮಾಡಿ ಟೆಸ್ಕೊ, ಆ ಹುದ್ದೆ ಕಾಯುವ ನೀತಿಸಂಹಿತೆಯನ್ನು ಗಂಭೀರವಾಗಿ ಉಲ್ಲಂಘಿಸಿದೆ ಎಂಬುದು ಅವರ ತೀರ್ಪು. ತಡವಾಗುತ್ತಿದ್ದ ಬಗೆಗಳು ಹಲವು. ಬೆಲೆ ನಮೂದಿಸುವಾಗ ಆದ ತಪ್ಪಿನಿಂದ ಕಡಿಮೆ ಹಣ ಸಂದಾಯವಾಗಿ, ಅದನ್ನು ತಿದ್ದಿಕೊಳ್ಳಲು ಸರಕು ಕೊಟ್ಟವರು ತಿಂಗಳುಗಟ್ಟಲೆ ಅಲೆಯಬೇಕಾಗಿತ್ತು. ಒಬ್ಬರಿಗೆ ದಶಲಕ್ಷಗಟ್ಟಲೆ ಪೌಂಡ್ ಬಾಕಿಯಿದ್ದು, ಅದು ಕೈಸೇರಲು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಕಳಿಸಿದ ಸರಕು ಪೂರ್ತಿ ಬಂದಿಲ್ಲವೆಂದು ಮುರಿದುಕೊಂಡದ್ದು, ಒಪ್ಪಿಗೆಯೇ ಆಗದ ಆಫರಿನ ಖರ್ಚೆಂದು ಮುರಿದುಕೊಂಡದ್ದು, ಒಂದೇ ಖರ್ಚನ್ನು ಎರಡು ಸಲ ಹಾಕಿದ್ದು, ಇಂಥವೂ ಇದ್ದವು. ಇವಿಷ್ಟೇ ಆಗಿದ್ದರೆ ದೊಡ್ಡ ಸಂಸ್ಥೆಯ ಅಸಡ್ಡೆ ಎನ್ನಬಹುದಿತ್ತು. ಆದರೆ ನಿಗದಿತ ಮಾರ್ಜಿನ್ ಕೈತಪ್ಪದಿರಲೆಂದು ಇಂತಿಂಥ ದಿನಕ್ಕೆ ಮೊದಲು ಹಣ ಕೊಡಬೇಡಿ ಎಂದು ಸೂಚಿಸುವ ಒಳಗಿನ ಇಮೇಲ್‌ಗಳೂ ಅವರಿಗೆ ಸಿಕ್ಕವು. ವರದಿಯ ಎಲ್ಲ ಬಲ ಇರುವುದು ಈ ಜಾಗದಲ್ಲಿ. ಬೇರೆಯವರ ಹಣವೆಂದು ಗೊತ್ತಿದ್ದೂ ಅದನ್ನು ಲೆಕ್ಕದ ಅವಧಿ ಮುಗಿಯುವವರೆಗೆ ತನ್ನ ಲಾಭದ ಸಾಲಿನಲ್ಲಿ ಇರಿಸಿಕೊಳ್ಳುವ ಅಭ್ಯಾಸವನ್ನು ಕಂಪನಿಯ ಕಾಗದಪತ್ರಗಳಿಂದಲೇ ಅದು ಹೊರಗೆಳೆಯಿತು. ಯಾರೋ ಒಬ್ಬಿಬ್ಬರ ದುರ್ನಡತೆ ಎಂದು ಸಣ್ಣದು ಮಾಡದೆ, ಎಲ್ಲೆಡೆ ಹರಡಿದ್ದ ನಡವಳಿಕೆಯಿದು ಎಂದು ಹೇಳಿತು.

ತಡವೆಂದರೆ ಏನೆಂಬುದನ್ನು ವರದಿ ಹೇಳಿದ್ದಕ್ಕಿಂತ ಹೆಚ್ಚು ಒತ್ತಿ ಹೇಳಬೇಕಿತ್ತು. ನಮ್ಮ ರೂಪಾಯಿಯಲ್ಲೇ ಲೆಕ್ಕ ಹಾಕೋಣ. ಉಪ್ಪಿನಕಾಯಿ ಮಾಡಿ ಮಾರುವ ಸಣ್ಣ ಉದ್ಯಮಿಗೆ 10 ಲಕ್ಷ ರೂಪಾಯಿ ಒಂದು ವರ್ಷ ನಿಂತುಹೋಯಿತು ಎನ್ನಿ. ಆತ ಶೇ. 12ರ ಬಡ್ಡಿಗೆ ಸಾಲ ತಂದು ಕೂಲಿ ಕೊಟ್ಟು, ಎಣ್ಣೆ, ಮೆಣಸಿನಪುಡಿ ಕೊಂಡರೆ ವರ್ಷಕ್ಕೆ 1,20,000 ರೂಪಾಯಿ ಬಡ್ಡಿಗೇ ಹೋಯಿತು. ಅವನ ನಿವ್ವಳ ಲಾಭ ಶೇ. 5 ಇದ್ದರೆ ಆ ಬಡ್ಡಿಯೊಂದನ್ನೇ ದುಡಿಯಲು ಹೆಚ್ಚುವರಿ 24 ಲಕ್ಷದ ಸರಕು ಮಾರಬೇಕು. ಅದೇ ಹಣ ಅಷ್ಟೂ ದಿನ ಸರಣಿಗೆ ಬಡ್ಡಿಯಿಲ್ಲದ ಬಂಡವಾಳ. ಕೊನೆಗೆ ಬಾಕಿ ಪೂರ್ತಿ ಸಂದಾಯವಾಯಿತು ಎಂದ ಮಾತ್ರಕ್ಕೆ ಈ ನಷ್ಟ ಅಳಿಸಿಹೋಗುವುದಿಲ್ಲ.

ವರದಿಯಲ್ಲಿ ಸರಕು ಕೊಟ್ಟವರೊಬ್ಬರ ಹೆಸರೂ ಇಲ್ಲ. ದೂರು ಕೊಟ್ಟವರ ಗುರುತನ್ನು ಕಾಪಾಡುವುದು ಆ ಹುದ್ದೆಯ ಕಾನೂನಿನ ಕರ್ತವ್ಯ. ಹೆಸರು ತಿಳಿದರೆ ಮರುದಿನವೇ ತಮ್ಮ ಸರಕು ಶೆಲ್ಫಿನಿಂದ ಇಳಿದೀತೆಂಬ ಹೆದರಿಕೆ ಬ್ರಿಟನ್ನಿನ ಈ ವ್ಯಾಪಾರದಲ್ಲಿ ಎಷ್ಟು ಆಳವಾಗಿತ್ತೆಂದರೆ, ಆ ಹುದ್ದೆ ಹುಟ್ಟಿದ್ದಕ್ಕೆ ಒಂದು ಕಾರಣವೂ ಅದೇ. ಓದುವಾಗ ಇದು ಕೊರತೆಯಂತೆ ಕಾಣುತ್ತದೆ, ಮುಖಗಳಿಲ್ಲದ ಜನರ ಕಥೆಯಂತೆ. ಆದರೂ ನಾನು ಇದರ ಪರ. ಕಾನೂನು, ನ್ಯಾಯಾಲಯ, ಪತ್ರಿಕೆ ಎಲ್ಲವೂ ಗಟ್ಟಿಯಾಗಿರುವ ದೇಶದಲ್ಲೂ ವ್ಯಾಪಾರಿಯೊಬ್ಬ ತನಗೆ ಬರಬೇಕಾದ ಹಣವನ್ನು ಕೇಳಲು ಅಂಜುತ್ತಾನೆ ಎಂಬುದಕ್ಕೆ ಆ ಖಾಲಿ ಜಾಗಗಳೇ ಸಾಕ್ಷಿ.

ನನಗೆ ಒಪ್ಪಿಗೆಯಾಗದ್ದು ಶೆಲ್ಫಿನ ಜಾಗಕ್ಕೆ ಹಣ ಪಡೆಯುವ ವಿಷಯದಲ್ಲಿ ವರದಿ ಹಿಂದೆ ಸರಿದದ್ದು. ಸಂಹಿತೆಯ ಆ ನಿಯಮವನ್ನು ನೇರವಾಗಿ ಮುರಿದದ್ದಕ್ಕೆ ಪುರಾವೆ ಸಿಗಲಿಲ್ಲ ಎಂದು ಟ್ಯಾಕನ್ ಬರೆದರು. ಒಂದು ಬಗೆಯ ಸರಕಿನ ಜೋಡಣೆಯ ಬಗ್ಗೆ ಸರಣಿಗೆ ಸಲಹೆ ಕೊಡುವ ಸ್ಥಾನವನ್ನು ದೊಡ್ಡ ಕಂಪನಿಗಳು ಹಣ ಕೊಟ್ಟು ಪಡೆಯುವುದು ತಮಗೆ ಕಳವಳ ತಂದಿದೆ ಎಂದೂ ಬರೆದರು. ಪ್ರತಿಸ್ಪರ್ಧಿಯ ಸರಕು ಯಾವ ಎತ್ತರದಲ್ಲಿ ಕೂರಬೇಕೆಂಬ ಸಲಹೆ ದೊಡ್ಡ ಕಂಪನಿಯಿಂದಲೇ ಬರುವುದಾದರೆ ಸಣ್ಣ ಕಂಪನಿಗೆ ಉಳಿಯುವ ಜಾಗ ಎಷ್ಟು? ಕಳವಳವೆಂದು ಹೇಳಿ ಮುಂದಿನ ಅಧ್ಯಾಯಕ್ಕೆ ಹೋಗುವಷ್ಟು ಚಿಕ್ಕ ಸಂಗತಿಯಲ್ಲ ಇದು.

ದಂಡವೂ ಇರಲಿಲ್ಲ. ಸರಣಿಯ ಬ್ರಿಟನ್ನಿನ ವಹಿವಾಟಿನ ಶೇ. 1ರವರೆಗೆ ದಂಡ ಹಾಕುವ ಅಧಿಕಾರ ಆ ಹುದ್ದೆಗೆ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ, ತನಿಖೆಯ ಅವಧಿ ಮುಗಿದ ಮೇಲೆ. ಹಾಗಾಗಿ ಐದು ಶಿಫಾರಸುಗಳಷ್ಟೇ ಬಂದವು. ಅವುಗಳಲ್ಲಿ ಎರಡು ನಿಜಕ್ಕೂ ಚುರುಕಾದವು: ಒಂದು, ಒಪ್ಪಿಗೆಯಿಲ್ಲದೆ ಬಿಲ್ಲಿನಲ್ಲಿ ಮುರಿದುಕೊಳ್ಳಕೂಡದು, ಪ್ರಶ್ನಿಸಲು 30 ದಿನ ಕೊಡಬೇಕು; ಎರಡು, ಬೆಲೆಯ ತಪ್ಪನ್ನು ತಿಳಿಸಿದ 7 ದಿನದೊಳಗೆ ತಿದ್ದಬೇಕು. ಲೆಕ್ಕ ತಪ್ಪು ತೋರಿಸಿದ್ದಕ್ಕೆ ಕಂಪನಿ 2017ರಲ್ಲಿ ಬೇರೆಯೇ ಪ್ರಕರಣದಲ್ಲಿ 12.9 ಕೋಟಿ ಪೌಂಡ್ ದಂಡ ಕಟ್ಟಿತು, ಷೇರು ಕೊಂಡವರಿಗೆ ಪರಿಹಾರ ಕೊಟ್ಟಿತು. ಮೊಕದ್ದಮೆ ಎದುರಿಸಿದ ಮೂವರು ಅಧಿಕಾರಿಗಳೂ ದೋಷಮುಕ್ತರಾದರು. ಷೇರುದಾರನ ನಷ್ಟಕ್ಕೆ ಬೆಲೆ ಕಟ್ಟಿದ ವ್ಯವಸ್ಥೆ ಸರಕು ಕೊಟ್ಟವನು ಕಳೆದುಕೊಂಡ ಬಡ್ಡಿಗೆ ಬೆಲೆ ಕಟ್ಟಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಇಷ್ಟಾದರೂ ವರದಿ ಕೆಲಸ ಮಾಡಿತು. ಸರಕು ಕೊಡುವವರ ನಡುವೆ ಪ್ರತಿವರ್ಷ ನಡೆಯುವ ಸಮೀಕ್ಷೆಯಲ್ಲಿ ತಮಗೆ ಸಂಹಿತೆಗೆ ಸಂಬಂಧಿಸಿದ ತೊಂದರೆಯಾಗಿದೆ ಎಂದವರು 2014ರಲ್ಲಿ ಶೇ. 79 ಇದ್ದರು, 2018ರ ಹೊತ್ತಿಗೆ ಅದು ಶೇ. 43ಕ್ಕೆ ಇಳಿಯಿತು. ಹೆಚ್ಚು ಸುಧಾರಿಸಿದ ಸರಣಿಯೆಂದು 2016ರಲ್ಲಿ ಅವರು ಹೆಸರಿಸಿದ್ದು ಟೆಸ್ಕೊವನ್ನೇ. ನಿಯಮ ಬರೆದು, ಕಾಯಲು ಒಬ್ಬರನ್ನು ಕೂರಿಸಿ, ತಪ್ಪನ್ನು ಹೆಸರಿಟ್ಟು ಪ್ರಕಟಿಸಿದರೆ ದೈತ್ಯ ಕಂಪನಿಯೂ ತಿದ್ದಿಕೊಳ್ಳುತ್ತದೆ. ಆದರೆ ಈ ಸಂಹಿತೆ ಕಾಯುವುದು ಸರಣಿಗೆ ನೇರವಾಗಿ ಸರಕು ಕೊಡುವವರನ್ನು ಮಾತ್ರ. ಕ್ಯಾರೆಟ್ ಬೆಳೆದು ಪ್ಯಾಕಿಂಗ್ ಕಂಪನಿಗೆ ಕೊಡುವ ರೈತ ಅದರ ಹೊರಗೆ. ಅವನನ್ನೂ ಒಳಗೆ ತರಬೇಕೆಂಬ ಬೇಡಿಕೆಯನ್ನು ಬ್ರಿಟಿಷ್ ಸರ್ಕಾರ 2018ರಲ್ಲಿ ಒಪ್ಪಲಿಲ್ಲ. ಮೇಲಿನವನ ಮಾರ್ಜಿನ್ ಕುಗ್ಗಿದಾಗ ಅವನು ಕೆಳಗಿನವನ ಮೇಲೆ ಒತ್ತಡ ಹಾಕುತ್ತಾನೆ, ತೀರಾ ಕೆಳಗಿರುವುದು ಹೊಲ. ದೊಡ್ಡ ತಕರಾರು ಎಂದು ನಾನು ಮೊದಲು ಹೇಳಿದ್ದು ಇದನ್ನೇ.

ಟೆಸ್ಕೊ ನಮಗೆ ದೂರದ ಹೆಸರಲ್ಲ. 2004ರಿಂದ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಅದರ ದೊಡ್ಡ ಕಚೇರಿಯಿದೆ. ತಂತ್ರಜ್ಞಾನದಿಂದ ಹಣಕಾಸಿನವರೆಗೆ ಬ್ರಿಟನ್ನಿನ ಅಂಗಡಿಗಳ ಹಿಂದಿನ ಎಷ್ಟೋ ಕೆಲಸ ನಡೆಯುವುದು ಅಲ್ಲಿ. ಟಾಟಾ ಸಮೂಹದ ಟ್ರೆಂಟ್ ಜೊತೆ 2014ರಿಂದ ಸಮಪಾಲಿನಲ್ಲಿ ಸ್ಟಾರ್ ಮಳಿಗೆಗಳನ್ನೂ ಅದು ನಡೆಸುತ್ತಿದೆ. 2012ರಲ್ಲಿ ಕೇಂದ್ರ ಸರ್ಕಾರ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರಕ್ಕೆ ಶೇ. 51ರಷ್ಟು ವಿದೇಶಿ ಬಂಡವಾಳ ಬಿಟ್ಟುಕೊಂಡಾಗ ನಡೆದ ಗದ್ದಲವೆಲ್ಲ ಮಾಲೀಕ ಯಾರಾಗಬೇಕು ಎಂಬುದರ ಸುತ್ತ ಇತ್ತು. ಗೋದಾಮು, ಶೈತ್ಯಾಗಾರಕ್ಕೆ ಇಷ್ಟು ಹಣ ಹೂಡಬೇಕು, ಶೇ. 30ರಷ್ಟು ಸರಕನ್ನು ಸಣ್ಣ ಕೈಗಾರಿಕೆಗಳಿಂದ ಕೊಳ್ಳಬೇಕು ಎಂಬ ಷರತ್ತುಗಳು ಬಂದವು. ಕೊಂಡ ಸರಕಿಗೆ ಎಷ್ಟು ದಿನದಲ್ಲಿ ಹಣ ಕೊಡಬೇಕು, ಬಿಲ್ಲಿನಲ್ಲಿ ಏನನ್ನು ಮುರಿದುಕೊಳ್ಳಬಾರದು ಎಂಬುದರ ಬಗ್ಗೆ ಷರತ್ತೇ ಇರಲಿಲ್ಲ. ಬೆಲೆ ತೆರುವವರು ಯಾರೆಂಬುದನ್ನು ಸುಭಿಕ್ಷಾ ಅದಾಗಲೇ ತೋರಿಸಿಕೊಟ್ಟಿತ್ತು. ಚೆನ್ನೈಯಲ್ಲಿ 1997ರಲ್ಲಿ ಹುಟ್ಟಿ ದೇಶದ ತುಂಬ ಸುಮಾರು 1,600 ಅಂಗಡಿಗಳಿಗೆ ಬೆಳೆದು 2009ರಲ್ಲಿ ಬಾಗಿಲು ಹಾಕಿದ ಆ ಸರಣಿ, ಸರಕು ಕೊಟ್ಟವರ ಬಾಕಿಯನ್ನೂ ನೌಕರರ ಸಂಬಳವನ್ನೂ ಹಾಗೇ ಬಿಟ್ಟು ಹೋಯಿತು.

ಸಣ್ಣ ಉದ್ಯಮಿಗೆ ನಮ್ಮಲ್ಲಿ ಕಾನೂನಿನ ಆಸರೆ ಇಲ್ಲವೆಂದಲ್ಲ. ಸಣ್ಣ ಉದ್ಯಮಗಳಿಗೆಂದೇ ಬಂದ 2006ರ ಕಾಯ್ದೆ ಹಣ ಕೊಡಲು 45 ದಿನದ ಗಡುವು ಹಾಕಿದೆ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಹಣ ಕೊಡದ ಕಂಪನಿ, ಕೊಟ್ಟ ವರ್ಷದಲ್ಲಷ್ಟೇ ಅದನ್ನು ಖರ್ಚೆಂದು ತೋರಿಸಬೇಕು ಎಂದು ಆದಾಯ ತೆರಿಗೆ ಕಾಯ್ದೆಗೂ ತಿದ್ದುಪಡಿ ಬಂದು, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹೊಸಕೋಟೆ, ಮಾಲೂರು, ಚಿಕ್ಕಬಳ್ಳಾಪುರದ ಕಡೆ ಸರಣಿಗಳ ತರಕಾರಿ ಸಂಗ್ರಹ ಕೇಂದ್ರಕ್ಕೆ ಟೊಮೆಟೊ ತರುವ ರೈತ ಈ ಆಸರೆಯೊಳಗೆ ಬರುವುದಿಲ್ಲ. ಕೇಂದ್ರಗಳಿಂದ ಅವನಿಗೆ ಅನುಕೂಲವಿದೆ: ಮಂಡಿಯ ಕಮಿಷನ್ ಉಳಿಯುತ್ತದೆ, ಸಾಗಣೆ ಹತ್ತಿರ. ಆದರೆ ಅವರು ಆರಿಸಿಕೊಳ್ಳುವುದು ಗಾತ್ರ, ಬಣ್ಣ ಸರಿಯಿದ್ದ ಕಾಯಿಯನ್ನು ಮಾತ್ರ. ಉಳಿದದ್ದನ್ನು ಹೇರಿಕೊಂಡು ಅವನು ಮತ್ತೆ ಕೋಲಾರದ ಮಂಡಿಗೇ ಹೋಗಬೇಕು. ನಾಳೆ ಇಷ್ಟು ಕೊಳ್ಳುತ್ತೇವೆಂಬ ಬರಹದ ಒಪ್ಪಂದ ಸಾಮಾನ್ಯವಾಗಿ ಇರುವುದಿಲ್ಲ.

ಬಾಕಿ ಉಳಿಸಿಕೊಳ್ಳದೆ ಅಗ್ಗಕ್ಕೆ ಮಾರಲಾಗದು ಎಂಬ ವಾದ ನಿಲ್ಲುವುದಿಲ್ಲ. ರಾಧಾಕಿಶನ್ ದಮಾನಿ 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಶುರುಮಾಡಿದ ಡಿ-ಮಾರ್ಟ್, ಸರಕು ಕೊಟ್ಟವರಿಗೆ ಬೇಗ ಹಣ ಕೊಟ್ಟು ಅದಕ್ಕೆ ಬದಲಾಗಿ ಬೆಲೆಯಲ್ಲಿ ರಿಯಾಯಿತಿ ಪಡೆಯುವ ದಾರಿ ಹಿಡಿದು ದೇಶದ ಅತ್ಯಂತ ಲಾಭದ ಸರಣಿಗಳಲ್ಲೊಂದಾಯಿತು. ಆ ರಿಯಾಯಿತಿಯ ಭಾರ ಕಡೆಗೆ ಯಾರ ಮೇಲೆ ಬೀಳುತ್ತದೆಂಬುದನ್ನೂ ಕೇಳಬೇಕು. ಆದರೂ ಹಣ ಯಾವಾಗ ಬರುತ್ತದೆಂದು ತಿಳಿದ ಉದ್ಯಮಿ ತನ್ನ ಬೆಲೆಯನ್ನು ತಿಳಿದೇ ಇಡಬಲ್ಲ.

ಟ್ಯಾಕನ್ ಅವರಂಥ ಅಧಿಕಾರಿ ನಮ್ಮಲ್ಲಿಲ್ಲ. ಓದುಗರಿಗೆ ಸಿಗುವ ಹತ್ತಿರದ ದಾಖಲೆಯೆಂದರೆ ಸರಣಿಗಳ ವಾರ್ಷಿಕ ವರದಿ. 2021ರಿಂದ ಪ್ರತಿ ಕಂಪನಿಯೂ ತಾನು ಕೊಡಬೇಕಾದ ಬಾಕಿ ಎಷ್ಟು ಹಳೆಯದೆಂದು ಅದರಲ್ಲಿ ಪಟ್ಟಿ ಕೊಡಬೇಕು, ಸಣ್ಣ ಉದ್ಯಮಗಳ ಬಾಕಿ ಒಂದು ಸಾಲಿನಲ್ಲಿ, ಉಳಿದವರದು ಇನ್ನೊಂದರಲ್ಲಿ. ಗಡುವು ಮೀರಿದ ಹಣಕ್ಕೆ ಆ ಪಟ್ಟಿಯ ಮೊದಲ ಕಾಲಂ ‘ಒಂದು ವರ್ಷಕ್ಕಿಂತ ಕಡಿಮೆ’. ಇಪ್ಪತ್ತು ದಿನ ತಡವಾದ ಹಣವೂ ಹನ್ನೊಂದು ತಿಂಗಳು ತಡವಾದ ಹಣವೂ ಅಲ್ಲಿ ಒಂದೇ ಅಂಕಿಯಾಗಿ ಸೇರಿಹೋಗುತ್ತವೆ. ಬದಲಿಸಬೇಕಾದ್ದು ಮೊದಲು ಆ ಕಾಲಂ: 45 ದಿನ, 90 ದಿನ, 180 ದಿನ ಎಂದು ಅದನ್ನು ಒಡೆಯಬೇಕು, ಬೆಳೆಗಾರರಿಗೆ ಕೊಡಬೇಕಾದ್ದಕ್ಕೆ ಬೇರೆಯೇ ಸಾಲು ಹಾಕಬೇಕು.