ಕಸದ ರಾಶಿಯಲ್ಲಿ ಚಿಗುರಿದ ಪ್ರೀತಿ

ಮನುಷ್ಯರು ತೊರೆದುಹೋದ ಭೂಮಿ. 700 ವರ್ಷ ಕಸ ಒಟ್ಟುತ್ತ ಒಂಟಿಯಾಗಿ ಉಳಿದ ಪುಟ್ಟ ರೋಬೋ. ಅದರ ಮನರಂಜನೆಗೆ 'ಹಲೋ, ಡಾಲಿ!' ಚಿತ್ರದ ಹಳೆಯ ವಿಡಿಯೊ ಕ್ಯಾಸೆಟ್. ಆಂಡ್ರ್ಯೂ ಸ್ಟಾಂಟನ್ ನಿರ್ದೇಶನದ ಪಿಕ್ಸಾರ್ ಚಿತ್ರ 'ವಾಲ್-ಇ' (2008) ಶುರುವಾಗುವುದು ಹೀಗೆ.

ಆ ಕ್ಯಾಸೆಟ್ಟಿನಲ್ಲಿ ಜೋಡಿ ಕೈಹಿಡಿಯುವುದನ್ನು ಕಂಡ ವಾಲ್-ಇ, ಗಿಡ ಹುಡುಕಲು ಬಂದ ನುಣುಪು ಮೈಯ ರೋಬೋ ಈವ್‌ಗೆ ಮನಸೋಲುತ್ತದೆ. ಆರಂಭದ ಭಾಗದಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. 'ಸ್ಟಾರ್ ವಾರ್ಸ್' ಖ್ಯಾತಿಯ ಧ್ವನಿವಿನ್ಯಾಸಕ ಬೆನ್ ಬರ್ಟ್ ಬರೀ ಬೀಪು, ಗುಯ್‌ಗುಟ್ಟುವಿಕೆಯಲ್ಲೇ ನಾಚಿಕೆ, ದಿಗಿಲು, ಹಂಬಲ ತುಂಬಿದ್ದಾರೆ. ಬೆಂಕಿ ನಂದಿಸುವ ಸಿಲಿಂಡರನ್ನೇ ವಾಹನ ಮಾಡಿಕೊಂಡು ವಾಲ್-ಇ ಬಾಹ್ಯಾಕಾಶದಲ್ಲಿ ಈವ್ ಜೊತೆ ಕುಣಿಯುವ ದೃಶ್ಯವಂತೂ ಸೊಗಸು.

ಹಾಳಾದ ಲೋಕವನ್ನು ಮರೆಮಾಚದೆ, ಹಳೆ ಬೂಟಿನಲ್ಲಿಟ್ಟ ಒಂದೇ ಸಸಿಯ ಸುತ್ತ ಚಿತ್ರ ಭರವಸೆ ಕಟ್ಟುತ್ತದೆ. ಭೂಮಿ ಬಿಟ್ಟು ಬಾಹ್ಯಾಕಾಶ ನೌಕೆಯಲ್ಲಿ ತೇಲುಕುರ್ಚಿಗಂಟಿದ್ದ ಮನುಷ್ಯರೂ ಕೊನೆಗೆ ಎದ್ದು ನಿಲ್ಲುತ್ತಾರೆ. ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಇದಕ್ಕೇ ಸಂದಿತು.