‘ಬಿತ್ತು’ವಿನ ಬಳಗ

ಹಿಂಗಾರಿ ಜೋಳದ ಹದಕ್ಕೆ ದೊಡವಾಡದ ಎರಿ ಹೊಲದ ದಾರಿ ಹಿಡಿದರೆ ಎದುರಾದವರೆಲ್ಲ ಕೇಳುವುದು ಒಂದೇ ಮಾತು: ‘ಬಿತ್ತೂದು ಮುಗೀತೇನ್ರೀ ಕಾಕಾ?’ ಆ ‘ಬಿತ್ತು’ ಕನ್ನಡಕ್ಕಿಂತಲೂ ಹಿರಿದು.

ತಮಿಳು, ತೆಲುಗುಗಳಲ್ಲಿ ಅದು ‘ವಿತ್ತು’. ತುಳುವರಲ್ಲಿ, ಕೊಡವರಲ್ಲಿ ನಮ್ಮಂತೆಯೇ ಬಕಾರ. ದೂರದ ಗೊಂಡಿಯಲ್ಲಿ, ಬಸ್ತರಿನ ಪರ್ಜಿಯಲ್ಲಿ ‘ವಿತ್’. ಬರೊ ಮತ್ತು ಎಮೆನೊ 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ಈ ಬಳಗವೆಲ್ಲ ಒಂದೇ ಕಡೆ ಕೂತಿದೆ. ಇವನ್ನು ಹೋಲಿಸಿ ಕಟ್ಟಿದ ಮೂಲದ್ರಾವಿಡ ರೂಪ *ವಿತ್ತು. ಯಾವ ಕಲ್ಲಿನ ಮೇಲೂ ಕಾಣದ ರೂಪವಾದ್ದರಿಂದ ಅದರ ತಲೆಯ ಮೇಲೊಂದು ನಕ್ಷತ್ರ.

ವಕಾರ ಬಕಾರವಾದದ್ದು ಆಕಸ್ಮಿಕವಲ್ಲ. ತಮಿಳರ ವಾ, ವಿಲ್, ವೇರ್ ನಮ್ಮಲ್ಲಿ ಬಾ, ಬಿಲ್ಲು, ಬೇರು. ಶ್ರವಣಬೆಳಗೊಳದ 7ನೆಯ ಶತಮಾನದ ಶಾಸನದಲ್ಲಿ ಊರಿನ ಹೆಸರು ಇನ್ನೂ ‘ವೆಳ್ಗೊಳ’ವೇ. ಆದರೆ ಒಂದು ಎಚ್ಚರ ಬೇಕು: ‘ಬಿತ್ತರ’ ಈ ಮನೆಯ ಕೂಸಲ್ಲ. ಅದು ಸಂಸ್ಕೃತದ ‘ವಿಸ್ತರ’. ಅದೇ ವಕಾರದ ಬಾಗಿಲಿನಿಂದ ಒಳಗೆ ಬಂದು ನೆಂಟನಂತೆ ಕಾಣುತ್ತದೆ, ಅಷ್ಟೆ.

ದ್ರಾವಿಡದ ಆಚೆಗೆ ನೋಡಿದರೆ, ರಷ್ಯನ್ನರು ಬಿತ್ತುವುದಕ್ಕೆ ‘ಸೇಯತ್’ ಎನ್ನುತ್ತಾರೆ, ಬೀಜಕ್ಕೆ ‘ಸೇಮ್ಯ’. ಎರಡೂ ಮೂಲ ಸ್ಲಾವಿಕ್ಕಿನ ಒಂದೇ ಬೇರಿನವು. ಲ್ಯಾಟಿನ್ನಿನ ‘ಸೇಮೆನ್’ ಕೂಡ ಅದೇ ವಂಶ. ಅಲ್ಲಿ ಕ್ರಿಯೆ, ನಾಮ ಎರಡೂ ಜೋಡಿಯಾಗಿಯೇ ಉಳಿದವು. ತೆಲುಗರಿಗೂ ‘ವಿತ್ತನಂ’ ಇದೆ, ತಮಿಳರಿಗೆ ‘ವಿದೈ’. ನಮ್ಮಲ್ಲಿ ಮಾತ್ರ ‘ಬಿತ್ತ’ ಎಂಬ ನಾಮ ಹಿಂದೆ ಸರಿದು ಸಂಸ್ಕೃತದ ‘ಬೀಜ’ ಮುಂದೆ ಬಂತು. ರೈತ ಸಂಪರ್ಕ ಕೇಂದ್ರದಲ್ಲಿ ಕೊಡುವ ಚೀಲವೂ ‘ಬಿತ್ತನೆ ಬೀಜ’: ಕ್ರಿಯೆ ನಮ್ಮದು, ವಸ್ತು ಎರವಲು.

ನನಗೆ ಇದಕ್ಕೆ ಹೊಳೆಯುವ ಕಾರಣ ಹೊಲದಲ್ಲೇ ಇದೆ. ಬೀಜವನ್ನು ಕೊಳ್ಳಬಹುದು, ಮಾರಬಹುದು, ಪಂಡಿತರ ಬಾಯಲ್ಲೂ ಅಂಗಡಿಯ ಪಟ್ಟಿಯಲ್ಲೂ ಅದರ ಹೆಸರು ಬದಲಾಗಬಹುದು. ಬಿತ್ತುವುದು ಹಾಗಲ್ಲ. ಕೂರಿಗಿಯ ಹಿಂದೆ ನಡೆಯುತ್ತ ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಡುವಾಗ, ಬೆರಳು ಸಡಿಲಾದರೆ ದಟ್ಟ, ಬಿಗಿಯಾದರೆ ತೆಳುವು. ಆ ಹದವನ್ನು ಅವ್ವ ಮಗಳಿಗೆ, ಅತ್ತೆ ಸೊಸೆಗೆ ಪಕ್ಕದಲ್ಲಿ ನಡೆದೇ ಕಲಿಸಬೇಕು. ಕಲಿಸುವಾಗ ಆಡುವ ಮಾತೂ ಹಾಗೆಯೇ ಬಾಯಿಂದ ಬಾಯಿಗೆ ಬಂದದ್ದು.