ಹಳೆಯ ಸೈಕಲ್ಲಿನ ಸೊಬಗು: ರಸಿಕರಿಗೊಂದು ಕೈಪಿಡಿ

ಜಮಖಂಡಿ ತಾಲೂಕಿನ ತುಬಚಿಯಂಥ ಕೃಷ್ಣಾತೀರದ ಊರುಗಳಲ್ಲಿ, ಮೋಟಾರು ಬೈಕು ಮನೆಮನೆಗೂ ಬಂದ ಮೇಲೆ ದನದ ಕೊಟ್ಟಿಗೆಯ ಮೂಲೆ ಸೇರಿ ಧೂಳು ಹಿಡಿದು ನಿಂತಿರುವ ಕರಿಯ ಸೈಕಲ್ಲುಗಳ ಕಡೆಗೆ ಈಚೆಗೆ ಕೆಲವರ ದೃಷ್ಟಿ ಮರಳಿ ಹೊರಳುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಹಾಗೆ ಹೊರಳಿದ ದೃಷ್ಟಿ ಮೊಟ್ಟಮೊದಲು ಬಣ್ಣದ ಡಬ್ಬಿಯನ್ನೇ ಅರಸುವುದು ಅಷ್ಟೇ ವಿಷಾದಕರವಾದುದು. ಹಳೆಯ ಸೈಕಲ್ಲನ್ನು ಮೊದಲು ನೋಡಲು ಕಲಿಯಬೇಕು, ಅನಂತರ ಜೀರ್ಣೋದ್ಧಾರ ಮಾಡಬೇಕು, ಕಟ್ಟಕಡೆಗೆ ಅಲಂಕರಿಸಬೇಕು. ಈ ಕ್ರಮ ತಪ್ಪಿದರೆ ಮೂರೂ ಕೆಡುತ್ತವೆ.

ಈ ವಾಹನದ ವಂಶಾವಳಿ ದೀರ್ಘವಾದುದೇನೂ ಅಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ಸೈಕಲ್ಲೂ, 1888ರಲ್ಲಿ ಡನ್‌ಲಪ್ ಸಿದ್ಧಪಡಿಸಿದ ಗಾಳಿ ತುಂಬಿದ ಟಾಯರೂ ಒಂದುಗೂಡಿ, ರ್‍ಯಾಲೆ, ಹಂಬರ್, ಹರ್ಕ್ಯುಲಿಸ್, ಬಿ.ಎಸ್.ಎ. ಮುಂತಾದ ಕಂಪನಿಗಳ ಕೈಯಲ್ಲಿ ಪಳಗಿ, ನಾವಿಂದು ಬಲ್ಲ ಕರಿಯ ಸೈಕಲ್ಲಿನ ರೂಪವನ್ನು ತಳೆದುವು. ಜಮಖಂಡಿ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಈ ಭಾಗದ ಬೀದಿಗಳಲ್ಲಿ ತಿರುಗಿದವು ಬಹುಮಟ್ಟಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದವುಗಳೇ. ತರುವಾಯ 1949ರಲ್ಲಿ ಸ್ಥಾಪಿತವಾದ ಮದರಾಸಿನ ಟಿ.ಐ. ಸೈಕಲ್ಸ್, ಆಸನ್‌ಸೋಲಿನ ಸೆನ್-ರ್‍ಯಾಲೆ, 1951ರ ಸೋನಿಪತ್ತಿನ ಅಟ್ಲಾಸ್, 1956ರ ಲೂಧಿಯಾನದ ಹೀರೋ ಇವು ಅದೇ ರೂಪವನ್ನು ಹೆಚ್ಚು ಬದಲಿಸದೆ ಸ್ವದೇಶಿಯನ್ನಾಗಿ ಮಾಡಿದುವು. ಆದಕಾರಣ ಅಜ್ಜನ ಹಂಬರಿಗೂ ಅಪ್ಪನ ಅಟ್ಲಾಸಿಗೂ ಅನ್ವಯಿಸತಕ್ಕ ಲಕ್ಷಣಶಾಸ್ತ್ರ ಒಂದೇ.

ರಸಿಕನಾಗಬಯಸುವವನು ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಾಲ್ಕು ಮಾರು ದೂರ ಸರಿದು, ಮಗ್ಗುಲಿನಿಂದ ಅದರ ಕಟ್ಟನ್ನು ನೋಡತಕ್ಕದ್ದು. ಮೇಲಣ ಅಡ್ಡಕೊಳವೆ ನೆಲಕ್ಕೆ ಸಮಾಂತರವಾಗಿದೆಯೆ, ಹ್ಯಾಂಡಲ್ಲಿನ ಕೊರಳೂ ಸೀಟಿನ ಕೊಳವೆಯೂ ಒಂದನ್ನೊಂದು ಅನುಸರಿಸಿ ಹಿಂದಕ್ಕೆ ವಾಲಿವೆಯೆ, ಮುಂದಿನ ಫೋರ್ಕು ತುದಿಯಲ್ಲಿ ಮೃದುವಾಗಿ ಮುಂದಕ್ಕೆ ಬಾಗಿದೆಯೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅರ್ಧ ಪರೀಕ್ಷೆ ಮುಗಿದಂತೆ. ಓಟದ ಸೈಕಲ್ಲಿನ ಕೊರಳು ನೆಟ್ಟಗೆ ನಿಂತಿರುತ್ತದೆ. ಇದರದು ನೆಲಕ್ಕೆ 70 ಡಿಗ್ರಿಗಿಂತಲೂ ಕಡಿಮೆ ಕೋನದಲ್ಲಿ ಒರಗಿರುತ್ತದೆ. ಈ ಒರಗು ಆಲಸ್ಯದ ಚಿಹ್ನೆಯಲ್ಲ: ಗಾಡಿಗಾಲಿಗಳು ಕೊರೆದ ಹಾದಿಯ ಕುಲುಕಾಟವನ್ನು ಫೋರ್ಕಿನ ಬಾಗೇ ನುಂಗಿಕೊಂಡು, 28 ಇಂಚಿನ ದೊಡ್ಡ ಗಾಲಿ ಅದನ್ನು ಇನ್ನಷ್ಟು ತಗ್ಗಿಸಿ, ಬೆನ್ನು ನೆಟ್ಟಗಿಟ್ಟು ಕುಳಿತ ಸವಾರನವರೆಗೆ ಅದರ ಅಲ್ಪಾಂಶವನ್ನು ಮಾತ್ರ ಮುಟ್ಟಿಸುವ ಉಪಾಯ ಅದು. ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಬಿಟ್ಟ ಉದಾರವಾದ ಅಂತರವನ್ನೂ ಹೀಗೆಯೇ ಅರಿಯಬೇಕು. ಮಳೆಗಾಲದ ಎರೆಮಣ್ಣು ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುವ ಈ ನೆಲದಲ್ಲಿ ಆ ಅಂತರದ ಬೆಲೆ ಒಕ್ಕಲಿಗನಿಗೆ ಗೊತ್ತು. ಕೊರಳಿನ ಬುಡದಲ್ಲಿ, ಕೆಳಕೊಳವೆಯ ಮೇಲೆ ಬಣ್ಣ ಸುಕ್ಕುಗಟ್ಟಿದ್ದರೆ ಆ ಸೈಕಲ್ಲು ಎಂದೋ ಬಲವಾದ ಡಿಕ್ಕಿ ಕಂಡಿದೆಯೆಂದು ತಿಳಿಯತಕ್ಕದ್ದು.

ಅನಂತರ ಹತ್ತಿರ ಬಂದು ಕೀಲುಗಳನ್ನು ನೋಡಬೇಕು. ಉಕ್ಕಿನ ಕೊಳವೆಗಳನ್ನು ಕವಚದಂಥ ಜೋಡಣೆಗಳಲ್ಲಿ ತೂರಿಸಿ ಹಿತ್ತಾಳೆ ಕರಗಿಸಿ ಬೆಸೆದಿರುವ ಆ ಸಂಧಿಗಳ ಅಂಚು ಚೂಪಾಗಿಯೂ ನಯವಾಗಿಯೂ ಇದ್ದಷ್ಟು ಕೆಲಸಗಾರನ ಕೈ ದೊಡ್ಡದು. ಹಲ್ಲುಚಕ್ರದ ನಡುವೆ ಕೊರೆದ ಚಿತ್ರವೇ ಕುಲವನ್ನು ಸಾರುತ್ತದೆ: ರ್‍ಯಾಲೆಯಲ್ಲಿ ಬಕಪಕ್ಷಿಯ ತಲೆ, ಬಿ.ಎಸ್.ಎ.ಯಲ್ಲಿ ಕಂಪನಿಯ ಅಕ್ಷರಗಳು. ಬಿ.ಎಸ್.ಎ.ಯ ಲಾಂಛನ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳು, ಏಕೆಂದರೆ ಅದು ಮೂಲತಃ ಬರ್ಮಿಂಗ್‌ಹ್ಯಾಮಿನ ಬಂದೂಕು ತಯಾರಕರ ಸಂಸ್ಥೆ. ಹಂಬರಿನ ಮೇಲ್ದರ್ಜೆಯ ಸೈಕಲ್ಲಿಗೆ ಎರಡೆರಡು ಕೊಳವೆಗಳ ಜೋಡಿ ಫೋರ್ಕೇ ಗುರುತು. ಲೋಹದ ಹೊಳಪಿನಲ್ಲಿಯೂ ಕಾಲಭೇದವುಂಟು: ತುಸು ಹಳದಿ ಬೆರೆತ ಬೆಚ್ಚನೆಯ ಹೊಳಪು ನಿಕ್ಕಲಿನದು, ನೀಲಿಛಾಯೆಯ ತಣ್ಣನೆಯ ಹೊಳಪು 1930ರ ದಶಕದಲ್ಲಿ ವ್ಯಾಪಕವಾದ ಕ್ರೋಮಿಯಮ್ಮಿನದು.

ಮೂರನೆಯ ಪರೀಕ್ಷೆ ಕಿವಿಯದು. ರಬಕವಿ-ಬನಹಟ್ಟಿಯ ನೇಕಾರ ಮಗ್ಗದ ಸಪ್ಪಳದಿಂದಲೇ ಅದರ ದೋಷವನ್ನು ಹಿಡಿಯುವಂತೆ, ಸೈಕಲ್ಲಿನ ರಸಿಕನೂ ಗಾಲಿಯನ್ನೆತ್ತಿ ತಿರುಗಿಸಿ ಕೇಳಬೇಕು. ಸರಿಯಾದ ಗಾಲಿ ನಿಶ್ಶಬ್ದವಾಗಿ ತಿರುಗಿ, ವೇಗ ತಗ್ಗಿದಾಗ ವಾಲ್ವಿನ ಭಾರಕ್ಕೆ ತುಸು ಹಿಂದುಮುಂದಾಗಿ ತೂಗಿ ನಿಲ್ಲುತ್ತದೆ. ಪೆಡಲ್ ತುಳಿದಾಗಲೆಲ್ಲ ಒಂದೇ ಕಡೆ ‘ಟಕ್’ ಎಂದರೆ ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಹಿಡಿಯುವ ಕಾಟರ್ ಪಿನ್ನು ಸಡಿಲಾಗಿದೆ. ಎರಡು ಪೆಡಲುಗಳು ಒಂದೇ ಸರಳರೇಖೆಯಲ್ಲಿ ನಿಲ್ಲದಿದ್ದರೆ ಆ ಪಿನ್ನಿನ ಮುಖವನ್ನು ಯಾರೋ ಅಳತೆಗೆಟ್ಟು ಅರದಿಂದ ಉಜ್ಜಿದ್ದಾರೆ. ಸರಳಿನ ಬ್ರೇಕಿನ ಗುಂಡಿಗಳು ರಿಮ್ಮಿನ ಒಳಮುಖವನ್ನು ಅಡಿಯಿಂದ ಮೇಲಕ್ಕೆಳೆದು ಹಿಡಿಯುವುದರಿಂದ, ಬೆಂಡು ತೆಗೆಯದ ಗಾಲಿಯಲ್ಲಿ ಎಂಥ ಬ್ರೇಕೂ ಜಗ್ಗಿ ಜಗ್ಗಿ ಹಿಡಿಯುತ್ತದೆ. ದೋಷ ಸ್ಪೋಕಿನಲ್ಲಿ, ಬೈಗುಳ ಬ್ರೇಕಿಗೆ.

ಇನ್ನು ಜೀರ್ಣೋದ್ಧಾರದ ಮಾತು. ಹಬ್ಬು, ಹ್ಯಾಂಡಲ್ಲಿನ ಕೊರಳು, ಪೆಡಲಿನ ಅಚ್ಚು ಇವನ್ನೆಲ್ಲ ಬಿಚ್ಚಿ ಚಿಮಣಿ ಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ತುಂಬುವುದೇ ಇದರ ಪ್ರಥಮ ಸಂಸ್ಕಾರ. 2019ರ ಆಗಸ್ಟಿನಲ್ಲಿ ಬಂದಂಥ ಕೃಷ್ಣೆಯ ಮಹಾಪೂರದಲ್ಲಿ ಮುಳುಗೆದ್ದ ಸೈಕಲ್ಲಾದರೆ ಮೇಲೆ ಒರೆಸಿ ತೃಪ್ತರಾಗಬಾರದು. ರೇವೆ ಒಳಹೊಕ್ಕು ಕುಳಿತಿರುವುದು ಕಣ್ಣಿಗೆ ಕಾಣದ ಸ್ಥಳಗಳಲ್ಲಿ. ಸವೆದ ಬೇರಿಂಗ್ ಗುಂಡುಗಳನ್ನು ಒಂದೆರಡಲ್ಲ, ಒಟ್ಟಾಗಿಯೇ ಬದಲಿಸಬೇಕು. ಹೊಸವನ್ನಿಡುವಾಗ ಒತ್ತೊತ್ತಾಗಿ ತುರುಕದೆ ಅವು ಹೊರಳಾಡುವಷ್ಟು ಎಡೆ ಬಿಡಬೇಕು. ಹಳೆಯ ರ್‍ಯಾಲೆಯ ಪೆಡಲಿನ ಅಚ್ಚಿನ ಕಪ್ಪಿಗೆ ಇಂಚಿಗೆ 26 ಸುತ್ತಿನ ಸ್ವಂತ ಮರೆ ಇರುವುದರಿಂದ, ಅಂಗಡಿಯಲ್ಲಿ ಸುಲಭವಾಗಿ ಸಿಗುವ 24 ಸುತ್ತಿನ ಕಪ್ಪನ್ನು ಬಲಾತ್ಕಾರದಿಂದ ತಿರುಗಿಸಿದರೆ ಚೌಕಟ್ಟೇ ಕೆಡುತ್ತದೆಂಬ ಎಚ್ಚರವಿರಲಿ. ಚರ್ಮದ ಸೀಟಿಗೆ ಎಣ್ಣೆ ಮಿತವಾಗಿರಬೇಕು. ಅತಿಯಾದರೆ ಚರ್ಮ ಜೋತುಬೀಳುತ್ತದೆ. ಬಣ್ಣದ ವಿಷಯದಲ್ಲಿ ಸಂಯಮವೇ ವಿದ್ಯೆ. ಕುಲುಮೆಯಲ್ಲಿ ಬೇಯಿಸಿದ ಆ ಕಪ್ಪು ಲೇಪವೂ, ಅದರ ಮೇಲೆ ಕೈಯಿಂದ ಎಳೆದ ಹೊಂಬಣ್ಣದ ಗೀಟುಗಳೂ ಅಲ್ಪಸ್ವಲ್ಪವಾದರೂ ಉಳಿದಿದ್ದರೆ ಮೆಲ್ಲನೆ ಒರೆಸಿ ಉಳಿಸಿಕೊಳ್ಳುವುದೇ ಲೇಸು. ಮತ್ತೊಮ್ಮೆ ಬಣ್ಣ ಬಳಿಯುವುದು ಯಾವಾಗಲೂ ಸಾಧ್ಯ, ಹೋದ ಗೀಟನ್ನು ಮರಳಿ ತರುವುದು ಅಸಾಧ್ಯ.

ಅಲಂಕಾರವನ್ನು ನಾನು ನಿಷೇಧಿಸುವವನಲ್ಲ. ನಮ್ಮ ಜನ ಸೈಕಲ್ಲನ್ನು ಎಂದೂ ಬರಿಗೊರಳಲ್ಲಿ ಬಿಟ್ಟವರೇ ಅಲ್ಲ. ಹಬ್ಬಿನ ಸುತ್ತ ತಿರುಗುತ್ತಲೇ ಅದನ್ನು ಒರೆಸುವ ಬಣ್ಣದ ಕುಚ್ಚಿನ ಬಳೆ, ಝಾಲರಿಯ ಸೀಟುಕವರು, ಅಡ್ಡಕೊಳವೆಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ, ಹಿಂದಿನ ಮಡ್‌ಗಾರ್ಡಿನ ರಬ್ಬರಿನ ಮೇಲೆ ಬರೆಯಿಸಿದ ಹೆಸರು, ಗಾಲಿಗೆ ಉಜ್ಜುತ್ತ ಬೆಳಕೀಯುವ ಡೈನಮೋ ಇವೆಲ್ಲ ಆ ಪರಂಪರೆಯ ಆಭರಣಗಳು. ತೆರಿಗೆ ಕೊಟ್ಟುದಕ್ಕೆ ಸಾಕ್ಷಿಯಾಗಿ ಹೊಡೆಸಿಕೊಂಡ ಲೋಹದ ಬಿಲ್ಲೆ ಹಳೆಯ ಸೈಕಲ್ಲಿನ ಮೇಲೆ ಉಳಿದಿದ್ದರೆ ಅದನ್ನಂತೂ ಕೀಳಬಾರದು. ಹಾಲಿನ ಕ್ಯಾನುಗಳಿಗಾಗಿ ಹಿಂದೆ ಬಿಗಿಸಿದ ಕಬ್ಬಿಣದ ಕೊಂಡಿಯೂ, ಕಬ್ಬಿನ ಸೋಗೆಯ ಹೊರೆಗಾಗಿ ಅಗಲಗೊಳಿಸಿದ ಕ್ಯಾರಿಯರೂ ದುಡಿಮೆಯಿಂದ ಹುಟ್ಟಿದ ಅಲಂಕಾರಗಳಾದುದರಿಂದ ನನ್ನ ದೃಷ್ಟಿಯಲ್ಲಿ ಇವೇ ಶ್ರೇಷ್ಠವಾದುವು.

ಅಮೆರಿಕದಲ್ಲಿ ನಡೆದುದು ಬೇರೆ ಬಗೆ. 1933ರಲ್ಲಿ ಶಿಕಾಗೋದ ಶ್ವಿನ್ ಕಂಪನಿ 2⅛ ಇಂಚು ದಪ್ಪದ ಟಾಯರಿನ ಸೈಕಲ್ಲನ್ನು ಹುಡುಗರಿಗಾಗಿ ಮಾರುಕಟ್ಟೆಗೆ ತಂದಿತು. ಮೋಟಾರು ಬೈಕಿನ ಭ್ರಮೆ ಹುಟ್ಟಿಸುವ ಹುಸಿ ಟ್ಯಾಂಕು ಮುಂತಾದುವನ್ನು ಧರಿಸಿದ ಆ ವಂಶವೇ ಮುಂದೆ ಕ್ರೂಸರ್ ಎಂದು ಪ್ರಸಿದ್ಧವಾಯಿತು. ತನ್ನ ಸ್ಥಾನದಲ್ಲಿ ಅದು ಚೆಲುವಾದುದೇ. ಆದರೆ ಅದರ ಚಿತ್ರವನ್ನು ಕಂಡು ಮೋಹಿತರಾದ ತರುಣರು ಅಜ್ಜನ ಸೈಕಲ್ಲಿಗೆ ದಪ್ಪ ಟಾಯರು ತೊಡಿಸಲು ಹೊರಟಾಗ, 1½ ಇಂಚಿನ ಟಾಯರಿಗೆಂದೇ ಅಳೆದ ಹಿಂದಿನ ಕೊಳವೆಗಳು ಎಡೆ ಕೊಡದೆ, ಸುತ್ತಿಗೆಯೂ ಗರಗಸವೂ ಹೊರಬರುತ್ತವೆ. ಇಲ್ಲಿ ನಾನು ಹೊಸಬರಿಗೆ ಕೊಡಬಲ್ಲ ಸೂತ್ರ ಒಂದೇ: ಪಾನಾ ಹಿಡಿದು ಬಿಚ್ಚಿ ಮೊದಲಿನಂತೆ ಮಾಡಬಹುದಾದ ಬದಲಾವಣೆಯೆಲ್ಲ ಸಮ್ಮತ, ಗರಗಸ ಬೇಡುವ ಬದಲಾವಣೆಯೆಲ್ಲ ವರ್ಜ್ಯ. ಹ್ಯಾಂಡಲ್ಲು ಬದಲಿಸಿ, ಸೀಟು ಬದಲಿಸಿ, ದೀಪ ಕಟ್ಟಿ. ಬಿಚ್ಚಿದ್ದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಡಿ. ಚೌಕಟ್ಟನ್ನು ಮಾತ್ರ ಮುಟ್ಟಬೇಡಿ.

ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನಿನಲ್ಲಿ ಕೆಲಸ ನಿಲ್ಲಿಸಿತು. ಕಾಟರ್ ಪಿನ್ನು ಹೊಡೆಯಲು ಬಲ್ಲ ಕೈಗಳೂ ನಮ್ಮ ಊರುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಆದುದರಿಂದ ಓದುಗರಲ್ಲಿ ನನ್ನ ವಿನಂತಿಯಿಷ್ಟೆ: ಮನೆಯಲ್ಲಿರುವ ಹಳೆಯ ಸೈಕಲ್ಲನ್ನು ಗುಜರಿಯವನಿಗೆ ತೂಕಕ್ಕೆ ಕೊಡಬೇಡಿರಿ, ಊರಿನ ಸೈಕಲ್ ಅಂಗಡಿಯಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ಇನ್ನೂ ಕುಳಿತಿದ್ದರೆ, ಅವರು ಹಬ್ಬು ಬಿಚ್ಚಿ ಜೋಡಿಸುವುದನ್ನು ಪಕ್ಕದಲ್ಲಿ ಕುಳಿತು ನೋಡಿ ಕಲಿಯಿರಿ, ಬಣ್ಣದ ಯೋಚನೆಯನ್ನು ಅದಾದ ಮೇಲೆ ಮಾಡಿರಿ.